ಬದುಕಿದ್ದವನಿಗೆ ಹಾಡಿ ಅತ್ತದ್ದು

ಹೆಣಗಳ ಪಟ್ಟಿಯಲ್ಲಿ ನನ್ನದು ಏಳನೇ ನಂಬರು.

ಪಟ್ಟಿ ಬರೆದವನು ನಮ್ಮ ಜಮಾದಾರ ಫಕೀರಪ್ಪ. ಬರೆಸಿದವನು ಪಾಲಿಕೆಯ ಹೆಲ್ತ್ ಇನ್‌ಸ್ಪೆಕ್ಟರ್ ಮಾಲತೇಶ. ಹುಬ್ಬಳ್ಳಿಯ ಕೇಶ್ವಾಪುರದ ಬೀದಿ ಗುಡಿಸುವ ನಾವು ಬೆಳಿಗ್ಗೆ ಐದೂವರೆಗೆ ಹಾಜರಿ ಕೊಡಲು ನಿಂತಿದ್ದೆವು. ಮಾಲತೇಶ ಬೈಕಿನಿಂದ ಇಳಿಯಲೂ ಇಲ್ಲ. ಕೂತಲ್ಲೇ ಹೇಳಿದ. ಯುದ್ಧ ಶುರುವಾಗಿದೆ. ಊರಿನ ಮೇಲೆ ಬಾಂಬು ಬಿದ್ದರೆ ಜನ ಏನು ಮಾಡಬೇಕು ಅಂತ ಕಲಿಸುವ ಅಣಕು ಕವಾಯತು ಶನಿವಾರ ಮಧ್ಯಾಹ್ನ ಶಾಲೆಯ ಮೈದಾನದಲ್ಲಿ. ಬಾಂಬು ಬಿದ್ದ ಮೇಲೆ ಹೆಣ ಇರಬೇಕು. ಹದಿನೆಂಟು ಹೆಣ ಬೇಕು.

"ದಿನಗೂಲಿಯವರು ಎಷ್ಟ ಮಂದಿ ಅದಾರ?" ಎಂದು ಫಕೀರಪ್ಪನನ್ನು ಕೇಳಿದ.

"ಹದಿನೆಂಟ್ರಿ."

"ಮತ್ತ? ಬರೋಬ್ಬರಿ ಆತು."

ಕವಾಯತಿನಲ್ಲಿ ಗಾಯಾಳುಗಳೂ ಇದ್ದರು. ಅವರು ಕಾಲೇಜಿನ ಹುಡುಗರು. ಅವರನ್ನು ಉಳಿಸುವವರು ಆಳುವ ಪಕ್ಷದ ಯುವಕರು, ಅವರಿಗೆ ಹೊಸ ಟೀ ಶರ್ಟು ಹೊಲಿಸಿದ್ದರು. ಸಾಯುವವರು ಮಾತ್ರ ಎಲ್ಲರೂ ನಮ್ಮ ಕೇರಿಯವರು. ಹೀಗೆ ಯಾಕೆ ಹಂಚಿದಿರಿ ಎಂದು ಯಾರೂ ಕೇಳಲಿಲ್ಲ. ಸತ್ತ ನಾಯಿ ಎತ್ತುವಾಗಲೂ ನಮ್ಮನ್ನೇ ಕರೆಯುತ್ತಾರೆ, ಆಗಲೂ ಯಾರೂ ಕೇಳುವುದಿಲ್ಲ.

ನಾವು ಬಾಯಿ ಮುಚ್ಚಿಕೊಂಡಿದ್ದಕ್ಕೆ ಇನ್ನೊಂದು ಕಾರಣವಿತ್ತು. ಇದೇ ಹದಿನೆಂಟು ಹೆಸರು ಮತ್ತೊಂದು ಪಟ್ಟಿಯಲ್ಲೂ ಇದ್ದವು, ಖಾಯಂ ಆಗುವವರ ಪಟ್ಟಿ. ಹದಿನಾಲ್ಕು ವರ್ಷ ನಾನು ದಿನಗೂಲಿ. ಕವಾಯತು ಮುಗಿದು ಒಂದು ವಾರ ಕಳೆದ ಮೇಲಿನ ಸೋಮವಾರ ಆದೇಶ ಕೈಗೆ ಕೊಡುವವರಿದ್ದರು. ಖಾಯಂ ಆದರೆ ಆಸ್ಪತ್ರೆಯ ಕಾರ್ಡು ಸಿಗುತ್ತದೆ. ನನ್ನ ಬಲ ಮೊಣಕಾಲು ಹೋಗಿದೆ. ಮೂರು ವರ್ಷದ ಹಿಂದೆ ಗಟಾರದ ಮೇಲಿನ ಕಲ್ಲು ಎತ್ತುವಾಗ ಜಾರಿ ಅದರ ಮೇಲೆ ಬಿದ್ದೆ. ಆಪರೇಶನ್ ಮಾಡಿಸಬೇಕು, ಇಲ್ಲದಿದ್ದರೆ ಇನ್ನೆರಡು ವರ್ಷಕ್ಕೆ ಕಾಲು ನೆಲಕ್ಕೆ ಊರಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಾಲು ಊರದವಳು ಬೀದಿ ಹೇಗೆ ಗುಡಿಸಬೇಕು? ಆ ಕಾಗದ ನನಗೆ ಕಾಗದವಲ್ಲ, ಕಾಲು.

"ಶನಿವಾರ ತಪ್ಪಿಸಿದವರ ಹೆಸರು ಸೋಮವಾರ ಇರೂದಿಲ್ಲ," ಎಂದ ಮಾಲತೇಶ. "ಮಂತ್ರಿ ಸಾಹೇಬ್ರು ಬರಾಕತ್ತಾರ."

ಶರೀಫಾಬಿ ಅವನ ಬೈಕಿನ ಹತ್ತಿರ ಹೋದಳು. ನಾನೂ ಅವಳೂ ಒಂದೇ ಕೈಗಾಡಿ ತಳ್ಳುವವರು, ಒಂದೇ ಡಬ್ಬಿಯಲ್ಲಿ ಉಣ್ಣುವವರು. ಅವಳ ಒಬ್ಬನೇ ಮಗ ಮೌಲಾಲಿ ಮಿಲಿಟರಿಯಲ್ಲಿದ್ದಾನೆ, ಗಡಿಯಲ್ಲಿ. ಯುದ್ಧ ಶುರುವಾದಾಗಿನಿಂದ ಅವನ ಫೋನಿಲ್ಲ. ಎಂಟು ದಿನವಾಗಿತ್ತು.

"ಸಾಹೇಬ್ರ, ನನ್ನೊಬ್ಬಾಕಿನ್ನ ಬಿಡ್ರಿ. ಮಗ ಅಲ್ಲಿ ನಿಂತಾನ. ಇಲ್ಲಿ ಅವನ ತಾಯಿ ಹೆಣ ಆಗಿ ಮಲಗೂದು ಛಲೋ ಅಲ್ರಿ. ಬೇಕಾದ್ರ ಮೈದಾನ ಪೂರಾ ನಾನ ಗುಡಸ್ತೇನಿ."

"ಏನ ಶರೀಫಾಬಿ ನೀ. ಇದೆಲ್ಲಾ ಮೂಢನಂಬಿಕಿ. ಕಾಲ ಎಲ್ಲಿಗಿ ಬಂದೈತಿ, ನೀವ ಇನ್ನ ಅಪಶಕುನ ಅಂತ ಕುಂತೀರಿ."

"ಹೊಟ್ಟ್ಯಾಗ ಕಲಸಿದಂಗ ಆಗತೈತ್ರಿ."

"ನಿಂಬಿಹುಳಿ ಕುಡಿ," ಎಂದು ಬೈಕ್ ಚಾಲೂ ಮಾಡಿದ. ಅವಳಿಗೆ ಎಂಟನೇ ನಂಬರು.

ಮಂತ್ರಿ ಯಾರು ಅಂತ ಹೇಳಬೇಕು. ಹೆಸರು ಬೇಡ. ಆ ಹೆಸರು ಬರೆದ ಫ್ಲೆಕ್ಸುಗಳನ್ನು ಚರಂಡಿಯಿಂದ ಎತ್ತಿ ಎತ್ತಿ ನನಗೆ ಸಾಕಾಗಿದೆ. ಯುದ್ಧ ಶುರುವಾದ ಮರುದಿನ ಅವನು ಟೀವಿಯಲ್ಲಿ, ದಿಲ್ಲಿಯಲ್ಲಿ ಯುದ್ಧದ ಕಾಗದಕ್ಕೆ ಸಹಿ ಹಾಕಿದ ಐದು ಜನರಲ್ಲಿ ತಾನೊಬ್ಬ ಎಂದು ಹೇಳಿದ್ದ. ಹೇಳುವಾಗ ಮದುವೆ ಊಟ ಮುಗಿಸಿ ಎದ್ದವನ ಹಾಗಿದ್ದ. ಅವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯನದು ಕಲ್ಲಿನ ಖಣಿ, ಕಿರಿಯನದು ಕಾಲೇಜು. ಇಬ್ಬರ ಹುಟ್ಟುಹಬ್ಬಕ್ಕೂ ನಮ್ಮ ರಸ್ತೆಯಲ್ಲಿ ಪಟಾಕಿ ಹೊಡೆಯುತ್ತಾರೆ. ಗುಡಿಸುವವರು ನಾವೇ.

ಶನಿವಾರ ಹನ್ನೊಂದಕ್ಕೆ ಹೋದೆವು. ಕವಾಯತಿನ ಉಸ್ತುವಾರಿ ರಮಾಕಾಂತ ಸರ್ ಅವರದು. ಧಾರವಾಡದಲ್ಲಿ ಮಾಸ್ತರಕಿ ಮಾಡಿ ರಿಟೈರ್ ಆದವರು, ಬಿಳಿ ಟೊಪ್ಪಿಗೆ, ಕೈಯಲ್ಲಿ ಸೂಚನೆಗಳ ಪುಸ್ತಕ. ಕೆಟ್ಟ ಮನುಷ್ಯ ಅಲ್ಲ. ನಮ್ಮನ್ನು ಬಹುವಚನದಲ್ಲಿ ಮಾತಾಡಿಸಿದರು.

"ಬರ್ರೆವಾ ತಾಯಂದ್ರ, ಬರ್ರಿ. ನಿಮ್ಮ ಕೆಲಸ ಭಾಳ ಸುಲಭ ಅದ. ಏನೂ ಮಾಡೋದಿಲ್ಲ. ಸುಮ್ಮನ ಮಲಗೋದು."

ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಹಣೆಗೆ, ಕುತ್ತಿಗೆಗೆ ಬಳಿದರು. ಕೊರಳಿಗೆ ರಟ್ಟಿನ ತುಂಡು ಕಟ್ಟಿದರು. 'ಮೃತ 7' ಅಂತ ನನ್ನದು. ಅಂಗಡಿಗಳ ಬೋರ್ಡು ನೋಡಿ ನೋಡಿ ನಾನು ಅಕ್ಷರ ಕಲಿತವಳು. ನಿಧಾನಕ್ಕೆ ಓದುತ್ತೇನೆ. ಗಂಡ ಸತ್ತ ಮೇಲೆ ನನ್ನ ಹಣೆಗೆ ಬಿದ್ದ ಮೊದಲನೇ ಕುಂಕುಮ ಅದು.

ಗಾಯಾಳುಗಳಿಗೆ ಶಾಮಿಯಾನ ಹಾಕಿದ್ದರು, ಫ್ಯಾನಿತ್ತು. ನಮಗೆ ಬಯಲು. ವೇದಿಕೆಯ ಎದುರಿಗೆ, ಕ್ಯಾಮರಾಕ್ಕೆ ಕಾಣುವ ಹಾಗೆ, ಎರಡು ಸಾಲು. ಜಲ್ಲಿ ಖಡಿ ಹಾಕಿದ ನೆಲ. ಏಪ್ರಿಲ್ ತಿಂಗಳ ಬಿಸಿಲಿಗೆ ಆ ಖಡಿ ಹಂಚಿನ ಹಾಗೆ ಕಾದಿತ್ತು. ಬೆನ್ನಿಗೆ ಸೀರೆ ಅಡ್ಡವಿತ್ತು, ಮೊಣಕೈಗೆ, ಹಿಮ್ಮಡಿಗೆ ಏನಿಲ್ಲ. ನನ್ನ ಬಲಗಾಲು ನೆಟ್ಟಗಾಗುವುದಿಲ್ಲ. ಮಡಚಿಕೊಂಡೇ ಮಲಗಿದೆ. ಹೊಸ ಟೀ ಶರ್ಟಿನವನೊಬ್ಬ ಬಂದ.

"ಏ, ಏಳನೇ ನಂಬರ್, ಕಾಲ ಚಾಚು. ಹೆಣ ಕಾಲ ಮಡಚತೈತೇನ?"

"ಚಾಚಾಕ ಬರೂದಿಲ್ಲಪಾ."

ಬೂಟುಗಾಲು ಮೊಣಕಾಲಿನ ಮೇಲಿಟ್ಟು ಒತ್ತಿದ. ಜೋರಾಗಿ ಅಲ್ಲ. ಮುಚ್ಚದ ಸೂಟ್‌ಕೇಸಿನ ಮುಚ್ಚಳ ಒತ್ತುವ ಹಾಗೆ. ಒಳಗೆ ಏನೋ ಟಕ್ಕೆಂದಿತು. ನಾನು ಉಸಿರು ಬಿಡಲಿಲ್ಲ. ಬಿಟ್ಟರೆ ಚೀರುತ್ತಿದ್ದೆ. ಹೆಣ ಚೀರಿದರೆ ಸೋಮವಾರದ ಪಟ್ಟಿ ಹೋಗುತ್ತದೆ.

ಹನ್ನೆರಡಕ್ಕೆ ಬರಬೇಕಾದ ಮಂತ್ರಿ ಒಂದೂವರೆಗೆ ಬಂದ. ಅಷ್ಟು ಹೊತ್ತು ನಾವು ಸತ್ತೇ ಇದ್ದೆವು. ಶಾಮಿಯಾನದ ಗಾಯಾಳುಗಳಿಗೆ ಮಜ್ಜಿಗೆ ಹಂಚಿದರು. ಮೊದಲನೇ ನಂಬರಿನ ಮಕ್ತುಮಬಿ, ನಮ್ಮಲ್ಲೆಲ್ಲ ಹಿರಿಯಳು, ಐವತ್ತೈದು ದಾಟಿದವಳು, ನೀರು ಕೇಳಿದಳು. ಮೇಲೆ ಡ್ರೋನು ಹಾರಿಸಿ ವಿಡಿಯೋ ತೆಗೆಯುತ್ತಿದ್ದಾರೆ, ಹೆಣ ಎದ್ದು ನೀರು ಕುಡಿದರೆ ಹೇಗೆ ಕಾಣುತ್ತದೆ ಎಂದ ಮಾಲತೇಶ. ರಮಾಕಾಂತ ಸರ್ ಪುಸ್ತಕ ತಿರುವಿ ನೋಡಿದರು. ಹೆಣಗಳಿಗೆ ನೀರು ಕೊಡುವ ಸೂಚನೆ ಅದರಲ್ಲಿ ಇರಲಿಲ್ಲ.

"ಅಕ್ಕಾ," ಪಕ್ಕದಿಂದ ಶರೀಫಾಬಿ, ತುಟಿ ಅಲ್ಲಾಡಿಸದೆ. "ಮೌಲಾಲಿನೂ ಹಿಂಗ ಬಿಸಲಾಗ..."

"ಬಾಯಿ ಮುಚ್ಚು. ಹಂಗೆಲ್ಲಾ ನೆನಸಬ್ಯಾಡ."

"ಕಣ್ಣ ಮುಚ್ಚಿದ್ರ ಅದ ಕಾಣತೈತಿ."

"ಹಂಗಾದ್ರ ಕಣ್ಣ ತಗಿ. ಹೆಣದ ಕಣ್ಣ ತಗದೂ ಇರ್ತಾವ."

ಮಂತ್ರಿ ಬಂದ. ಎಂಟು ಕಾರು. ಅವನ ಕಾರಿನ ಗಾಜು ಗುಂಡು ತಾಗದಂಥದು ಅಂತ ಟೀ ಶರ್ಟಿನವರು ಹೆಮ್ಮೆಯಿಂದ ಮಾತಾಡಿಕೊಂಡರು. ಸುತ್ತ ಬಂದೂಕಿನವರು ಹನ್ನೆರಡು ಮಂದಿ. ಹುಬ್ಬಳ್ಳಿಯಲ್ಲಿ ಅವನನ್ನು ಕೊಲ್ಲಲು ಯಾರು ಕಾದಿದ್ದರೋ ನನಗೆ ಗೊತ್ತಿಲ್ಲ. ಗಡಿಗೆ ಬೇಕಾದ ಹನ್ನೆರಡು ಬಂದೂಕು ಅವನ ಹೊಟ್ಟೆಯ ಸುತ್ತ ನಿಂತಿದ್ದವು.

ಭಾಷಣ ಮಾಡಿದ. ಮೂರು ಮಾರು ದೂರದಲ್ಲಿ ಮಲಗಿ ಎಲ್ಲ ಕೇಳಿದೆ. ನಾವು ಹೆದರುವವರಲ್ಲ ಎಂದ. ಒಂದು ಹೆಜ್ಜೆಯೂ ಹಿಂದೆ ಇಡುವುದಿಲ್ಲ ಎಂದ. ದೇಶಕ್ಕಾಗಿ ಸಾಯಲು ನಾವು ಸಿದ್ಧ ಎಂದ. ಎಷ್ಟು ಸಲ 'ನಾವು' ಅಂದನೋ. ಪ್ರತಿ ಸಲವೂ ನನಗೆ ಅವನ ಬೂಟು ಕಾಣುತ್ತಿತ್ತು. ಬಿಳಿ ಬೂಟು. ಅಷ್ಟು ಬೆಳ್ಳಗಿನ ಬೂಟು ಹಾಕಿಕೊಂಡವನು ಎಲ್ಲಿಯೂ ನಡೆದಿರುವುದಿಲ್ಲ. ಹದಿನಾಲ್ಕು ವರ್ಷ ಬೀದಿ ಗುಡಿಸಿದವಳಿಗೆ ಚಪ್ಪಲಿ ನೋಡಿದರೆ ಮನುಷ್ಯ ಗೊತ್ತಾಗುತ್ತಾನೆ.

ಭಾಷಣ ಮುಗಿದ ಮೇಲೆ ರಮಾಕಾಂತ ಸರ್ ವೇದಿಕೆಯ ಮೆಟ್ಟಿಲ ಹತ್ತಿರ ಹೋದರು. ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದರು.

"ಸಾಹೇಬ್ರ, ಇಲ್ಲಿ ಹನ್ನೊಂದನೇ ಸೂಚನಾ ಅದ. ದಾಳಿಯೊಳಗ ಗಣ್ಯರೊಬ್ಬರು ಗಾಯಗೊಂಡಾರ ಅಂತ ಇಟಗೊಂಡು, ಅವರನ್ನ ಸ್ಟ್ರೆಚರ್ ಮ್ಯಾಲೆ ಸಾಗಸಬೇಕಂತ. ತಾವು ಬರೇ ನಾಲ್ಕು ನಿಮಿಷ ಮಲಗಿದ್ರ ಸಾಕು. ನೆಳ್ಳಾಗ ಇಟ್ಟಿರ್ತೇವಿ."

ಮಂತ್ರಿ ಪಕ್ಕದ ಸಹಾಯಕನ ಮುಖ ನೋಡಿದ. ಸಹಾಯಕ ರಮಾಕಾಂತ ಸರ್ ಅವರನ್ನು ಬದಿಗೆ ಕರೆದ. ಆ ಬದಿ ನಮ್ಮ ತಲೆಯ ಕಡೆಗಿತ್ತು. ಹೆಣಗಳಿಗೆ ಕಿವಿ ಇರುವುದಿಲ್ಲ ಎಂದುಕೊಂಡಿದ್ದರು.

"ಏನ್ ಸರ್, ತಿಳಿದವರು ನೀವು. ನಾಳೆ ಅಮಾವಾಸ್ಯೆ. ಸಾಹೇಬರ ಜಾತಕದಲ್ಲಿ ಈ ತಿಂಗಳು ಗಂಡಾಂತರ ಇದೆ. ಸ್ಟ್ರೆಚರ್ ಮೇಲೆ ಮಲಗೋದಾ? ಅಪಶಕುನ."

"ಹೌದ್ರಿ, ಹೌದ್ರಿ," ಎಂದ ಮಾಲತೇಶ, ಯಾರೂ ಕೇಳದಿದ್ದರೂ. "ಅಂಥಾದ್ದೆಲ್ಲಾ ಆಗಬಾರದ್ರಿ. ದೊಡ್ಡವರಿಗಿ ನೆದರ ಲಗೂ ತಾಗತೈತಿ. ನಮ್ಮ ಜಮಾದಾರನ್ನ ಮಲಗಸೂಣ್ರಿ."

ಶರೀಫಾಬಿ ನನ್ನ ಕಡೆ ಮುಖ ತಿರುಗಿಸಿದಳು. ಕಣ್ಣಲ್ಲಿ ನೀರಿರಲಿಲ್ಲ. ಅದೇ ನನ್ನನ್ನು ಚುಚ್ಚಿತು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

"ಅಕ್ಕಾ, ಮಂತ್ರಿಗೂ ನಿಂಬಿಹುಳಿ ಕುಡಸಬೇಕಿತ್ತು," ಎಂದಳು.

ಫಕೀರಪ್ಪನನ್ನು ಎಳೆದು ತಂದರು. ನಿವೃತ್ತಿಗೆ ಎರಡು ವರ್ಷ ಇರುವ ಮುದುಕ, ಯಾರು ಕರೆದರೂ ಹೂಂ ಅನ್ನುವವ. ಅವನ ಖಾಕಿ ಅಂಗಿಯ ಮೇಲೆ ಜರಿ ಶಾಲು ಹೊದಿಸಿದರು, ತಲೆಗೆ ಮೈಸೂರು ಪೇಟ ಇಟ್ಟರು, ಕೊರಳಿಗೆ 'ಗಣ್ಯರು' ಅಂತ ರಟ್ಟು ಕಟ್ಟಿದರು. ಶಾಮಿಯಾನದ ನೆರಳಲ್ಲಿ ಸ್ಟ್ರೆಚರ್ ಇಟ್ಟು ಮಲಗಿಸಿದರು. ಮಂತ್ರಿ ವೇದಿಕೆ ಇಳಿದು ಬಂದು ಅದರ ಪಕ್ಕದಲ್ಲಿ ಕೈಮುಗಿದು ನಿಂತ, ಫೋಟೋಕ್ಕೆ. ತನ್ನ ಬದಲಿಗೆ ಮಲಗಿದವನಿಗೆ ತಾನೇ ಕೈಮುಗಿಯುವವನನ್ನು ನಾನು ಅದೇ ಮೊದಲು ನೋಡಿದ್ದು.

ಹನ್ನೆರಡನೇ ಸೂಚನೆ ಸಂಬಂಧಿಕರ ರೋದನ. ಅಳುತ್ತಾ ಮುನ್ನುಗ್ಗುವ ಜನರನ್ನು ಪೊಲೀಸರು ತಡೆಯುವುದನ್ನು ಕಲಿಯಬೇಕಂತೆ. ಅದಕ್ಕೆ ಇಟ್ಟಿದ್ದ ಕಾಲೇಜಿನ ಹುಡುಗಿಯರು ಬಾಯಿಗೆ ಓಢಣಿ ಹಿಡಿದು ಕಿಸಿಕಿಸಿ ನಗುತ್ತಿದ್ದರು. ರಮಾಕಾಂತ ಸರ್ ಬೇಜಾರಾಗಿ ಮೈಕಿನಲ್ಲಿ ಕೇಳಿದರು, "ಯಾರಿಗ್ಯಾರ ನೈಜವಾಗಿ ಅಳಲಿಕ್ಕೆ ಬರ್ತದೇನ್ರೆವಾ?"

ನಾನು ಎದ್ದು ಕೂತೆ.

"ನಾ ಅಳತೇನ್ರಿ."

ಮಾಲತೇಶನಿಗೆ ಖುಷಿಯಾಯಿತು. ಅವನಿಗೆ ಗೊತ್ತಿತ್ತು. ನಮ್ಮ ಕಡೆ ಸತ್ತವರ ಮುಂದೆ ಹಾಡಿಕೊಂಡು ಅಳುವುದಿದೆ. ಸತ್ತವನು ಬದುಕಿದ್ದಾಗ ಏನೇನು ಒಳ್ಳೆಯದು ಮಾಡಿದ ಎಂದು ಒಂದೊಂದಾಗಿ ಎತ್ತಿ ಹಾಡಬೇಕು. ನನ್ನ ತಾಯಿ ಹಾಡುತ್ತಿದ್ದಳು, ಅವಳ ಗಂಟಲು ನನಗೆ ಬಂದಿದೆ. ದೊಡ್ಡ ಮನೆಗಳಲ್ಲಿ ಸತ್ತರೆ ನನ್ನನ್ನು ಕರೆಸುತ್ತಾರೆ. ಒಳಗೆ ಬಿಡುವುದಿಲ್ಲ, ಅಂಗಳದಲ್ಲಿ ಕೂರಿಸುತ್ತಾರೆ. ಬಡ್ಡಿಯಲ್ಲಿ ಜನರ ರಕ್ತ ಹೀರಿದವನಿಗೂ 'ಬಡವರ ತಂದೆ' ಎಂದು ಹಾಡಿದ್ದೇನೆ. ಒಂದು ರಿವಾಜಿದೆ. ಹಾಡುವವಳನ್ನು ನಡುವೆ ತಡೆಯಬಾರದು. ಅವಳು ಸತ್ತವನ ಪಾದ ಮುಟ್ಟಿ ತಲೆಮೇಲೆ ಸೆರಗು ಎಳೆದುಕೊಳ್ಳುವ ತನಕ ಬಾಯಿಗೆ ಕೈ ಅಡ್ಡ ಹಿಡಿದರೆ, ಆ ಸಾವು ಹಿಡಿದವನ ಮನೆಗೆ ಬರುತ್ತದೆ. ಈ ಕಡೆಯವರು ಎಂಥ ದೊಡ್ಡವರಾದರೂ ಇದನ್ನು ನಂಬುತ್ತಾರೆ.

ಕಾಲು ಎಳೆದುಕೊಂಡು ಹೋಗಿ ಸ್ಟ್ರೆಚರಿನ ಮುಂದೆ ಕೂತೆ. ಮಂತ್ರಿ ಎರಡು ಹೆಜ್ಜೆ ದೂರ ಸರಿದ. ಮಾಲತೇಶ ತಾನೇ ಓಡಿ ಹೋಗಿ ಮೈಕ್ ತಂದು ನನ್ನ ಬಾಯಿ ಮುಂದೆ ಹಿಡಿದ. ನೈಜವಾಗಿ ಕೇಳಲಿ ಅಂತ.

ನಾನು ಎದೆಗೆ ಹೊಡೆದುಕೊಂಡು ಸುರು ಮಾಡಿದೆ.

"ಯಪ್ಪಾ ಮಂತ್ರಿ, ನನ್ನ ದೊರಿ, ಹ್ಯಾಂಗ ಮಲಗಿದ್ಯೋ. ಮಂದಿ ಮಕ್ಕಳನ್ನ ಕಳಸೂ ಮೊದಲ ನಾ ಹೋಗತೇನಿ ಅಂದ್ಯಲ್ಲೋ. ಸಹಿ ಮಾಡಿದ ಪೆನ್ನ ಕೆಳಗಿಟ್ಟು ಬಂದೂಕ ಎತ್ತಿದ್ಯಲ್ಲೋ."

ಮಂತ್ರಿ ಕೈಮುಗಿದೇ ನಿಂತಿದ್ದ, ಮುಖ ಸಪ್ಪಗೆ ಮಾಡಿಕೊಂಡು. "ಭಾಳ ನೈಜ ಅದ," ಎಂದರು ರಮಾಕಾಂತ ಸರ್.

"ಖಣಿ ನೋಡೂ ಹಿರೇಮಗನ್ನ ಕರದು ಸಿಪಾಯಿ ಅಂಗಿ ತೊಡಿಸಿದ್ಯಲ್ಲೋ. ಕಾಲೇಜ ನಡಸೂ ಕಿರೇಮಗನ ತಲಿ ಬೋಳಿಸಿ ಮುಂದಿನ ಸಾಲಿನ್ಯಾಗ ನಿಲ್ಲಿಸಿದ್ಯಲ್ಲೋ. ಶರೀಫಾನ ಮಗನ್ನ ಕಂಡು, ನೀ ನಿಮ್ಮವ್ವಗ ಒಬ್ಬಾವ, ಹಿಂದ ಸರಿ ತಮ್ಮಾ, ಮೊದಲ ನಮ್ಮ ಮನೀ ಮಕ್ಕಳು ಅಂದ್ಯಲ್ಲೋ."

ಶಾಮಿಯಾನದ ಕಡೆಯಿಂದ ಒಂದು ನಗು ಬಂತು. ಗಾಯಾಳು ಹುಡುಗನೊಬ್ಬನದು. ಆಮೇಲೆ ಇನ್ನೊಂದು. ಮಂತ್ರಿಯ ಕೈ ಇಳಿಯಿತು.

"ಗುಂಡ ತಾಗದ ಗಾಜಿನ ಕಾರ ಬಿಟ್ಟು ಲಾರಿ ಹತ್ತಿದ್ಯಲ್ಲೋ. ಹನ್ನೆರಡ ಮಂದಿ ಕಾವಲಿನವರನ್ನ ಗಡಿಗೆ ಕಳಿಸಿ ಒಬ್ಬನ ನಡದ್ಯಲ್ಲೋ. ಮಂಜಿನ್ಯಾಗ ಒಣರೊಟ್ಟಿ ತಿಂದ್ಯಲ್ಲೋ. ಬಿಳಿ ಬೂಟ ಹರದು ಬರಿಗಾಲಲೆ ನಿಂತ್ಯಲ್ಲೋ. ಈ ಜಾತಕಾ ಗೀತಕಾ ನನಗಿಲ್ಲ, ಸಿಪಾಯಿಗೆ ಯಾವ ಅಮಾಸಿ, ಅವನ ತಾಯಿಗೆ ಯಾವ ಶನಿವಾರ ಅಂದ್ಯಲ್ಲೋ."

ಈಗ ಪೊಲೀಸರೂ ನಗುತ್ತಿದ್ದರು, ಮುಖ ಆಚೆ ತಿರುಗಿಸಿ. ಬಂದೂಕಿನ ಹನ್ನೆರಡು ಜನರಲ್ಲಿ ಒಬ್ಬ ನೆಲ ನೋಡಿ ತುಟಿ ಕಚ್ಚಿಕೊಂಡಿದ್ದ. ಅವನಿಗೂ ಯಾರೋ ತಾಯಿ ಇದ್ದಿರಬೇಕು.

"ಸಾಕು ಮಾಡಿಸ್ರಿ," ಎಂದ ಸಹಾಯಕ.

ಮೈಕು ಮಾಲತೇಶನ ಕೈಯಲ್ಲೇ ಇತ್ತು. ಅದನ್ನು ಎತ್ತಿ ಒಯ್ಯಲು ಅವನಿಗೆ ಧೈರ್ಯವಿರಲಿಲ್ಲ. "ಹಾಡೂ ಮುಂದ ತಡೀಬಾರದ್ರಿ," ಎಂದ, ಮೆಲ್ಲಗೆ. ಅದೂ ಮೈಕಿನಲ್ಲಿ ಕೇಳಿಸಿತು.

"ಎಲ್ಲಿ ಅದಾರೋ ದೊರಿ ನಿನ್ನ ಮಕ್ಕಳು. ಹೆಗಲ ಕೊಡಾಕ ಒಬ್ಬರೂ ಬರಲಿಲ್ಲಲ್ಲೋ. ಗುಡಸೂ ಮಂದಿ ನಾವ ಬಂದೇವೋ."

ಶಾಲಿನ ಕೆಳಗೆ ಫಕೀರಪ್ಪನ ಹೊಟ್ಟೆ ಕುಣಿಯುತ್ತಿತ್ತು. ಐವತ್ತೆಂಟು ವರ್ಷ ಎಲ್ಲರಿಗೂ ಹೂಂ ಅಂದವನಿಗೆ ನಗು ತಡೆಯಲಾಗಲಿಲ್ಲ, ಪೇಟ ಜಾರಿ ಕೆಳಗೆ ಬಿತ್ತು. ನಾನು ಅವನ ಪಾದ ಮುಟ್ಟಿದೆ. ಸೆರಗು ತಲೆಮೇಲೆ ಎಳೆದುಕೊಂಡೆ. ಆಗ ಮಂತ್ರಿಯ ಕಡೆ ನೋಡಿದೆ. ಅವನ ಮುಖ ಬಿಳಿಚಿತ್ತು. ಸಿಟ್ಟಿನಿಂದಲ್ಲ. ಬದುಕಿದ್ದಾಗಲೇ ತನಗೆ ಹಾಡಿ ಅತ್ತರಲ್ಲ ಎಂಬ ಹೆದರಿಕೆಯಿಂದ. ಎಲ್ಲೋ ದೂರದಲ್ಲಿ ಸಾವಿರ ಜನ ಸಾಯುವ ಕಾಗದಕ್ಕೆ ಕೈ ನಡುಗದೆ ಸಹಿ ಹಾಕಿದವನು, ಒಬ್ಬ ಹೆಂಗಸು ಎರಡು ಸಾಲು ಅತ್ತದ್ದಕ್ಕೆ ಬೆವರಿದ. ನೆಟ್ಟಗೆ ಕಾರಿಗೆ ಹೋದ. ಎಂಟು ಕಾರು ಧೂಳೆಬ್ಬಿಸಿ ಹೋದವು. ಆ ಧೂಳು ಹೆಣಗಳ ಮೇಲೆ ಕೂತಿತು.

ಶರೀಫಾಬಿ ಎದ್ದು, ರಟ್ಟು ಕಿತ್ತು ಎಸೆದು, ಶಾಮಿಯಾನಕ್ಕೆ ಹೋಗಿ ಮಕ್ತುಮಬಿಗೆ ಮಜ್ಜಿಗೆ ತಂದುಕೊಟ್ಟಳು. ಯಾರೂ ಬೇಡವೆನ್ನಲಿಲ್ಲ.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಗೆ ಊರೆಲ್ಲ ಆಯಿತು. ಹಾಲಿನ ಅಂಗಡಿಯವನು ನನ್ನನ್ನು ಮೊದಲ ಸಲ ಮರ್ಯಾದೆ ಕೊಟ್ಟು 'ಗಾಳೆವ್ವಾರ' ಎಂದು ಕರೆದ.

ಬುಧವಾರ ಮಾಲತೇಶ ನಮ್ಮ ಓಣಿಗೆ ಬಂದ. ಈ ಸಲ ಬೈಕಿನಿಂದ ಇಳಿದ. ಕೈಯಲ್ಲಿ ಒಂದು ಕಾಗದ.

"ಇದಕ್ಕೊಂದು ಸಹಿ ಹಾಕು. ರಮಾಕಾಂತ ಸರ್ ಬರದು ಕೊಟ್ಟಾರ. ಚಂದ ಭಾಷಾದಾಗ ಐತಿ."

ಓದಿದೆ. ಬಿಸಿಲಿನ ತಾಪದಿಂದ ನನಗೆ ಬುದ್ಧಿಭ್ರಮಣೆಯಾಗಿ, ಮಾನ್ಯ ಮಂತ್ರಿಗಳ ಕುರಿತು ಅಸಂಬದ್ಧವಾಗಿ ಹಾಡಿರುತ್ತೇನೆಂದೂ, ಅದಕ್ಕಾಗಿ ಕ್ಷಮೆ ಕೋರುತ್ತೇನೆಂದೂ ಬರೆದಿತ್ತು.

"ಬಿಸಲ ಬಡದದ್ದು ಖರೇ ಐತಿ," ಎಂದೆ. "ಬುದ್ಧಿ ಕೆಟ್ಟಿದ್ದು ಸುಳ್ಳ. ನಾ ಬೈದಿಲ್ರಿ. ಅವ ಮಾಡಬೇಕಾದ ಒಳ್ಳೇದನ್ನ ಮಾಡ್ಯಾನ ಅಂತ ಹಾಡೇನಿ. ಹೊಗಳಿದ್ದಕ್ಕ ಯಾಕ್ ಮಾಫಿ ಕೇಳಲಿ?"

"ಯುದ್ಧದ ಟೈಮಿನ್ಯಾಗ ಹಿಂಗ ಮಾತಾಡಿದ್ರ ದೇಶದ್ರೋಹ ಅಂತಾರ."

"ಯುದ್ಧ ಬ್ಯಾಡ ಅಂತೂ ನಾ ಅಂದಿಲ್ಲ. ಅದೆಲ್ಲಾ ನನಗ ತಿಳಿಯೂದಿಲ್ಲ. ನಮ್ಮ ಫಕೀರಪ್ಪನ್ನ ನೋಡ್ರಿ. ಎಂಥಾ ಹೆದರುಪುಕ್ಕ. ಆದ್ರ ತುಂಬಿದ ಗಟಾರಕ್ಕ ನನ್ನ ಇಳಸೂ ಮೊದಲ ಕೋಲ ಹಾಕಿ ನೋಡತಾನ, ಆಮ್ಯಾಲ ತನ್ನ ಕಾಲ ಇಡತಾನ, ಆಮ್ಯಾಲ ಬಾ ಅಂತಾನ. ಅದಕ್ಕ ಅವ ಹೇಳಿದ್ರ ಇಳೀತೇವಿ. ಅಷ್ಟ ಬುದ್ಧಿ ದಿಲ್ಲಿಯವರಿಗಿ ಇರಬ್ಯಾಡೇನ್ರಿ? ಇಳಿ ಅನ್ನಾವ ಮೊದಲ ಇಳೀಲಿ. ಇಲ್ಲಾಂದ್ರ ಅವನ ಮಗನ್ನ ಇಳಸಲಿ."

ಮಾಲತೇಶ ಸುತ್ತ ನೋಡಿದ. ಯಾರಾದರೂ ಮೊಬೈಲ್ ಹಿಡಿದಿದ್ದಾರೋ ಅಂತ.

"ಗಾಳೆವ್ವಾ, ನಿನ್ನ ಕಾಲ ನೋಡಕೋ. ಸೋಮವಾರ ಆದೇಶ ಐತಿ. ಸಹಿ ಹಾಕಿದ್ರ ಹದಿನೆಂಟು ಹೆಸರು. ಇಲ್ಲಾಂದ್ರ ಹದಿನೇಳು. ನಾ ಕೆಟ್ಟಾವಲ್ಲ. ಮ್ಯಾಲಿಂದ ಬಂದೈತಿ."

"ಗೊತ್ತೈತ್ರಿ. ನಿಮಗ ಎಲ್ಲಾ ಮ್ಯಾಲಿಂದನ ಬರತೈತಿ."

ಶರೀಫಾಬಿ ಓಡಿ ಬಂದು ನನ್ನ ಕೈ ಹಿಡಿದಳು. "ಅಕ್ಕಾ, ಹಾಕು. ನಿನ್ನ ಕಾಲ ಹೋದ ಮ್ಯಾಲ ಯಾವ ಮಂತ್ರಿನೂ ಬಂದು ಗಾಡಿ ತಳ್ಳೂದಿಲ್ಲ. ನನ್ನ ಸಲುವಾಗಿ ಹಟ ಹಿಡೀಬ್ಯಾಡ."

ಅವಳು ಹೇಳಿದ್ದು ಸರಿ. ನಾನು ಪೆನ್ನು ಹಿಡಿದುಕೊಂಡೆ. ಆ ಕ್ಷಣ ಸಹಿ ಹಾಕುವ ಮನಸ್ಸೇ ಇತ್ತು, ಸುಳ್ಳು ಹೇಳಲಾರೆ. ಹದಿನಾಲ್ಕು ವರ್ಷ ಎಂಥೆಂಥದಕ್ಕೋ ತಲೆ ಬಗ್ಗಿಸಿದ್ದೇನೆ. ಮತ್ತೊಮ್ಮೆ ಕಾಗದ ಓದಿದೆ. ಬುದ್ಧಿಭ್ರಮಣೆ ಅನ್ನುವ ಕಡೆ ಕಣ್ಣು ನಿಂತಿತು. ಊರಲ್ಲಿ ಅಷ್ಟು ಜನ ನನ್ನ ಹಾಡಿಗೆ ನಕ್ಕಿದ್ದರು. ಅದು ಹುಚ್ಚಿಯ ಹಾಡು ಅಂತಾದರೆ ಅವರ ನಗುವೂ ಹುಚ್ಚಾಗುತ್ತದೆ. ಶರೀಫಾಬಿಯ ಹೆದರಿಕೆ ಮೂಢನಂಬಿಕೆ ಆಗಿತ್ತು. ಈಗ ನನ್ನ ಮಾತು ಹುಚ್ಚು. ಇವರ ಜಾತಕ ಮಾತ್ರ ಶಾಸ್ತ್ರ.

ಪೆನ್ನಿಗೆ ಮುಚ್ಚಳ ಹಾಕಿ ಅವನ ಕಿಸೆಗೆ ಸಿಕ್ಕಿಸಿದೆ.

"ಮಂತ್ರಿ ಬರಲಿ. ಖಡಿ ಮ್ಯಾಲ, ಬಿಸಲಾಗ, ನನ್ನ ಮಗ್ಗಲಾಗ ಒಂದೂವರಿ ತಾಸ ಮಲಗಲಿ. ನಾನ ನೀರ ಕುಡಸತೇನಿ, ನೀವ ಕುಡಸಲಿಲ್ಲಲ್ಲ, ಹಂಗ ಮಾಡೂದಿಲ್ಲ. ಎದ್ದ ಮ್ಯಾಲ ಅವನ ಮುಂದನ ಸಹಿ ಹಾಕತೇನಿ."

ಸೋಮವಾರ ಆಫೀಸಿನ ಅಂಗಳದಲ್ಲಿ ಹೆಸರು ಕೂಗಿದರು. ಹದಿನೇಳು. ನಮ್ಮವರು ಕಾಗದ ತೆಗೆದುಕೊಳ್ಳದೆ ನನ್ನ ಮುಖ ನೋಡುತ್ತ ನಿಂತರು. ಶರೀಫಾಬಿ ಕೈಕಟ್ಟಿಕೊಂಡು ಹಿಂದೆ ಸರಿದಳು.

"ತಗೋರ್ರೆ ಹುಚ್ಚಗೋಳ್ರ್ಯಾ," ಎಂದು ನಾನೇ ಬೈದೆ. "ಕೈ ಬಿಟ್ಟ ಹೋದ್ರ ಮತ್ತ ಹದಿನಾಲ್ಕು ವರ್ಷ. ಆ ಕಾಗದ ನಿಮ್ಮ ಕೈಯಾಗ ಇದ್ರ, ಮುಂದಿನ ಸಲ ಹೆಣ ಆಗ್ರಿ ಅಂದಾಗ ಒಲ್ಲೆ ಅನ್ನಾಕ ಬರತೈತಿ. ನಾ ಒಬ್ಬಾಕಿ ಅಂದ್ರ ಹಿಂಗ ಆಗತೈತಿ. ಹದಿನೇಳು ಮಂದಿ ಅನ್ರಿ."

ತೆಗೆದುಕೊಂಡರು. ಶರೀಫಾಬಿ ಅಳುತ್ತಲೇ ತೆಗೆದುಕೊಂಡಳು. ಮರುದಿನ ಅವಳ ಮಗನ ಫೋನು ಬಂತು. ಎರಡು ನಿಮಿಷ. ಆರಾಮ ಇದ್ದೇನೆ ಎಂದ. ಯಾವ ತಾಯಿಗೆ ಯಾವ ಮಗ ಬೇರೆ ಹೇಳುತ್ತಾನೆ? ಆ ವಿಡಿಯೋ ಅವರ ಕ್ಯಾಂಪಿಗೂ ಹೋಗಿದೆಯಂತೆ. ಭಾಷೆ ಬಾರದವರಿಗೆ ಇವನೇ ಅರ್ಥ ಹೇಳಿದನಂತೆ. ಅವರ ಸುಬೇದಾರ ಮೂರು ಸಲ ಹಚ್ಚಿ ನೋಡಿ ಎದ್ದು ಹೋದನಂತೆ.

ಹದಿನೈದು ದಿನ ಬಿಟ್ಟು ಧಾರವಾಡದಲ್ಲಿ ಇನ್ನೊಂದು ಕವಾಯತು, ಲಕಮನಹಳ್ಳಿ ಕಡೆ. ಅಲ್ಲಿಗೂ ಹೆಣ ಇಲ್ಲಿಂದಲೇ. ಮಾಲತೇಶ ಹಾಜರಿಯ ಹೊತ್ತಿಗೆ ಬಂದು ಪಟ್ಟಿ ಓದಿದ. ಮೊದಲ ಹೆಸರು ಮಕ್ತುಮಬಿಯದು.

"ಮಗಾ," ಎಂದಳು ಮುದುಕಿ. "ಗುಡಸೂದು ನನ್ನ ಕೆಲಸ ಅಂತ ಆದೇಶದಾಗ ಬರದಾರ. ಸಾಯೂದು ಬರದಿಲ್ಲ. ಬರಸ್ಕೊಂಡ ಬಾ, ಸಾಯತೇನಿ."

ಹದಿನೇಳು ಮಂದಿಯೂ ಅದನ್ನೇ ಹೇಳಿದರು. ಬರೆದು ಕೊಡಿ. ಫಕೀರಪ್ಪ ಕೂಡ ಕೆಮ್ಮಿ, "ಲೇಖಿ ಇದ್ರ ಛಲೋ ಆಗತೈತ್ರಿ ಸಾಹೇಬ್ರ," ಎಂದ. ಹೆಣವಾಗಿ ಮಲಗತಕ್ಕದ್ದು ಎಂದು ಸಹಿ ಹಾಕಿ ಬರೆದುಕೊಡಲು ಇವರ ಯಾವ ಆಫೀಸಿನಲ್ಲೂ ಗಂಡಸಿಲ್ಲ. ಯುದ್ಧಕ್ಕೆ ಸಹಿ ಹಾಕುವುದು ಸುಲಭ, ಅದರಲ್ಲಿ ಸಾಯುವವರ ಹೆಸರು ಇರುವುದಿಲ್ಲ.

ಮಾಲತೇಶ ಪಟ್ಟಿ ಮಡಚಿದ. ಆಮೇಲೆ ರಸ್ತೆಯ ತುದಿಯಲ್ಲಿ ಒಬ್ಬಳೇ ಗುಡಿಸುತ್ತಿದ್ದ ನನ್ನ ಹತ್ತಿರ ಬಂದ. ದಿನಗೂಲಿಯವಳು ಈಗ ನಾನೊಬ್ಬಳೇ. ನಾಳೆಯಿಂದ ಬರಬೇಡ ಅಂದರೆ ಮುಗಿಯಿತು. ಅದು ಅವನಿಗೂ ಗೊತ್ತು, ನನಗೂ ಗೊತ್ತು.

"ಗಾಳೆವ್ವಾ, ನೀ ಒಬ್ಬಾಕ್ಯಾರ ಬಾ. ಒಂದ ಹೆಣ ಆದ್ರೂ ಇರಲಿ. ಕಾರ್ಡಿಂದು ಮತ್ತ ನೋಡೂಣು. ನಾ ಮಾತಾಡತೇನಿ."

ಕಸಬರಿಗೆಯ ಮೇಲೆ ಭಾರ ಹಾಕಿ ಸೊಂಟ ನೆಟ್ಟಗೆ ಮಾಡಿದೆ. ಮೊಣಕಾಲು ಒಳಗೊಳಗೇ ಸುಡುತ್ತಿತ್ತು.

"ಬರತೇನ್ರಿ. ಮಲಗಾಕಲ್ಲ, ಹಾಡಾಕ. ಅಲ್ಲಿಗಿ ಯಾವ ಮಂತ್ರಿ ಬರತಾನ, ಅವಗ ಮಕ್ಕಳೆಷ್ಟು, ಏನ್ ಮಾಡತಾರ, ಅಷ್ಟ ಕೇಳಿ ಹೇಳ್ರಿ."

ಅವನು ಬೈಕ್ ತಿರುಗಿಸಿಕೊಂಡು ಹೋದ. ನಾನು ಉಳಿದ ಅರ್ಧ ರಸ್ತೆ ಗುಡಿಸಿದೆ.